ಬೂದಿ ಬೀಳದ ಒಂದು ತಾಟು

ಬೆಳಗಿನ ಐದೂವರೆ. ಹನುಮನಹಳ್ಳಿಯ ಅನ್ನಪೂರ್ಣಮ್ಮನವರ ಖಾನಾವಳಿಯ ಹಿತ್ತಲಿನಲ್ಲಿ ಅಬೇದಾಬಿ ನೆಲಕ್ಕೆ ಕುಳಿತು ಗುಂಡುಸೂಜಿ ಎಣಿಸುತ್ತಿದ್ದಾರೆ. ಅವರ ಬಾಯಲ್ಲಿ ಅದು ಟಾಚಣಿ. ತಗಡಿನ ಸಣ್ಣ ಡಬ್ಬಿಯಿಂದ ಒಂದೊಂದನ್ನೇ ತೆಗೆದು ಸ್ಟೀಲ್ ತಟ್ಟೆಗೆ ಹಾಕುತ್ತಾರೆ, ಟಿಣ್ ಎಂದು ಸಪ್ಪಳವಾದ ಮೇಲೆಯೇ ಮುಂದಿನದು. ನಾನು ನಡುವೆ ಬಾಯಿ ಹಾಕಿ "ಅಮ್ಮಾ, ಎಷ್ಟು ವರ್ಷದಿಂದ ಈ ಕೆಲಸ?" ಎಂದು ಕೇಳುತ್ತೇನೆ. ಅವರು ಎಡಗೈ ಎತ್ತಿ ತಡೆಯುತ್ತಾರೆ. ಆಗಲೇ ಲೆಕ್ಕ ತಪ್ಪಿದೆ. ತಟ್ಟೆಯಲ್ಲಿದ್ದದ್ದನ್ನೆಲ್ಲ ಮತ್ತೆ ಡಬ್ಬಿಗೆ ಸುರಿದು ಒಂದರಿಂದ ಶುರು ಮಾಡುತ್ತಾರೆ.

"ಸಿಟ್ಟಾಗಬ್ಯಾಡ್ರಿ ಮೇಡಂ. ಈ ಹೊತ್ತಿನ್ಯಾಗ ಯಾರರೆ ಮಾತಾಡಿಸಿದ್ರ ನನ್ನ ಲೆಕ್ಕ ತಪ್ಪತೈತಿ. ನಲವತ್ತು ಹೊರಗ ಬಂದ್ರ ನಲವತ್ತ ಒಳಗ ಹೋಗಬೇಕು. ಒಂದ ಕಮ್ಮಿ ಆದ್ರೂ ನಾ ಮನಿಗೆ ಹೋಗಂಗಿಲ್ಲ."

ಅಡುಗೆ ಮಾಡುವವರಿಗೆ ಗುಂಡುಸೂಜಿ ಯಾಕೆ ಎಂದು ನೀವು ಕೇಳಬಹುದು. ನಾನೂ ಕೇಳಿದೆ. ಹೋಟೆಲಿನ ಬೋರ್ಡಿನ ಮೇಲೆ, ಮೊಬೈಲಿನಲ್ಲಿ, ಮಸಾಲೆ ಪೊಟ್ಟಣದ ಮೇಲೆ ಬಾಯಲ್ಲಿ ನೀರೂರುವಂತೆ ಕಾಣುವ ಊಟದ ಫೋಟೋ ಇರುತ್ತದಲ್ಲ, ಅದರೊಳಗಿನ ಊಟ ತಯಾರಿಸುವವರು ಇವರು. ಕ್ಯಾಮೆರಾ ಹಿಡಿಯುವವರು ಗಂಗಾವತಿಯಲ್ಲಿ ಸ್ಟುಡಿಯೋ ಇಟ್ಟಿರುವ ಅವರ ಅಕ್ಕನ ಮಗ ಅಸ್ಲಮ. ಹೆಸರು ಅವರದು, ತಾಟು ಅಬೇದಾಬಿಯವರದು. ಆ ತಾಟಿನಲ್ಲಿ ಇರುವ ಯಾವುದನ್ನೂ ಮನುಷ್ಯರು ತಿನ್ನುವ ಹಾಗಿಲ್ಲ.

ಇವತ್ತು ಶನಿವಾರ. ಅಂಜನಾದ್ರಿ ಹತ್ತಲು ಬರುವ ಭಕ್ತರ ಕಣ್ಣಿಗೆ ಬೀಳುವ ಹಾಗೆ ಅನ್ನಪೂರ್ಣಮ್ಮ ಖಾನಾವಳಿಗೆ ದೊಡ್ಡ ಬೋರ್ಡು ಬರೆಸುತ್ತಿದ್ದಾರೆ. ಅದಕ್ಕೆ ಮಿರ್ಚಿ ಬಜ್ಜಿ, ಜೋಳದ ರೊಟ್ಟಿಯ ಅಟ್ಟಿ, ಬದನೆಕಾಯಿಯ ಎಣ್ಣೆಗಾಯಿ ಇರುವ ಊಟದ ತಾಟು ಬೇಕು. ಪತ್ರಿಕೆಯ ಪುರವಣಿಗೆ ಅಬೇದಾಬಿಯ ಬಗ್ಗೆ ಬರೆಯಲು ಹಿಂದಿನ ದಿನವೇ ಕೊಪ್ಪಳದಿಂದ ಬಂದ ನನ್ನನ್ನು ಆಯಮ್ಮ ತಮ್ಮ ಮನೆಯಲ್ಲೇ ಮಲಗಿಸಿಕೊಂಡು, ಬೇಡಬೇಡವೆಂದರೂ ಎರಡು ಸಲ ಬಡಿಸಿದ್ದಾರೆ. ಕೊಡುಗೈ ಹೆಂಗಸು. ಈ ಗುಣವೇ ಇವತ್ತು ನಮ್ಮೆಲ್ಲರ ಜೀವವನ್ನು ಬಾಯಿಗೆ ತರುತ್ತದೆ ಎಂದು ಆಗ ಯಾರಿಗೂ ಗೊತ್ತಿಲ್ಲ.

ಅಬೇದಾಬಿಗೆ ಐವತ್ತನಾಲ್ಕು. ಗಂಡ ಯಮನೂರಸಾಬ ಗಂಗಾವತಿ ಸುತ್ತಿನ ಮದುವೆಗಳಿಗೆ ಅಡುಗೆ ಮಾಡುತ್ತಿದ್ದವರು. ಐನೂರು ಜನರ ಊಟಕ್ಕೆ ಇವರು ಮಸಾಲೆ ಅರೆದರೆ ಅವರು ಡೇಗಿಗೆ, ಅಂದರೆ ಅಡುಗೆಯ ದೊಡ್ಡ ಹಂಡೆಗೆ, ಕೈ ಹಾಕುತ್ತಿದ್ದರು. ಒಂದು ಮದುವೆಯಲ್ಲಿ ಕಾದ ಎಣ್ಣೆ ಬಲ ಭುಜದ ಮೇಲೆ ಬಿದ್ದು ಅಬೇದಾಬಿಗೆ ಭಾರ ಎತ್ತುವ ಶಕ್ತಿ ಹೋಯಿತು. ಮರುವರ್ಷ ಯಮನೂರಸಾಬರೂ ಹೋದರು. ಆಗ ಅಸ್ಲಮ ಬಂದು "ಖಾಲಾ, ಡೇಗಿ ಎತ್ತಾದಿಲ್ಲ, ಬರೇ ಒಂದ ತಾಟ ಮಾಡಿಕೊಡು" ಎಂದರಂತೆ. ಅದಾಗಿ ಹನ್ನೊಂದು ವರ್ಷ.

"ಮೊದಲನೇ ದಿನ ಅತ್ತಬಿಟ್ಟೆ ನೋಡ್ರಿ. ಬದನಿಕಾಯಿಗೆ ಹೊಲಿಗಿ ಮಶೀನಿನ ಎಣ್ಣಿ ಹಚ್ಚು ಅಂದ. ಉಣ್ಣೂ ಅಡಗಿಗೆ ಮಶೀನಿನ ಎಣ್ಣಿ! ನನ್ನ ಕೈಯಾಗ ಬ್ರಷ್ ನಿಲ್ಲಲಿಲ್ಲ."

ಈಗ ನಿಲ್ಲುತ್ತದೆ. ಮೂರು ಕಿಲೋ ಬದನೆಕಾಯಿಯಲ್ಲಿ ಹುಡುಕಿ ಒಂದೇ ಅಳತೆಯ ಐದು ಆರಿಸುತ್ತಾರೆ. ಇಪ್ಪತ್ತೆರಡು ರೊಟ್ಟಿ ಬಡಿದರೆ ಅದರಲ್ಲಿ ನಾಲ್ಕು ಮಾತ್ರ ಫೋಟೋಕ್ಕೆ ಒಪ್ಪುತ್ತವೆ. ಬದನೆಕಾಯಿ ಪೂರ್ತಿ ಬೇಯಿಸಿದರೆ ಮುದುಡಿ ಕಪ್ಪಾಗುತ್ತದೆ, ಹಾಗಾಗಿ ಅರ್ಧ ಬೇಯಿಸುತ್ತಾರೆ. ಅರ್ಧ ಬೆಂದದ್ದು ಸೀಳಿನಲ್ಲಿ ಬಾಯಿ ಬಿಟ್ಟು ಮಸಾಲೆ ಉಗುಳುತ್ತದೆ. ಅದಕ್ಕೇ ಒಂದೊಂದಕ್ಕೂ ಒಂದು ಗುಂಡುಸೂಜಿ ಚುಚ್ಚಿ ಸೀಳು ಕೂಡಿಸುತ್ತಾರೆ. ಹೊಳೆಯಲು ಮಶೀನಿನ ಎಣ್ಣೆ. ಬಟ್ಟಲಲ್ಲಿರುವ ಗಟ್ಟಿ ಮೊಸರು ಬಡಿಗೇರರು ಹಚ್ಚುವ ಬಿಳಿ ಅಂಟು. ತಾಟಿನ ಹಿಂದೆ ಏಳುವ ಹಬೆ, ನೀರಲ್ಲಿ ನೆನೆಸಿ ಬಿಸಿ ಮಾಡಿ ಬಚ್ಚಿಟ್ಟ ಹತ್ತಿಯ ಉಂಡೆಯದು. ಮಸಾಲೆ ಮಾತ್ರ ನಿಜವಾದದ್ದು. ಶೇಂಗಾ, ಗುರೆಳ್ಳು, ಒಣಕೊಬ್ಬರಿ ಹುರಿದು ಕುಟ್ಟಿದ್ದು. ಅಬೇದಾಬಿಗೆ ಸುಳ್ಳು ಮಸಾಲೆ ಮಾಡಲು ಬರುವುದಿಲ್ಲವಂತೆ. ಆ ವಾಸನೆಗೆ ನನ್ನ ಹೊಟ್ಟೆಯೇ ಚುರುಗುಡುತ್ತಿದೆ.

ಅವರ ಪಕ್ಕದಲ್ಲಿ ಒಂದು ಬುಟ್ಟಿ ತುಂಬ ಒಲೆಯ ಬೂದಿ ಇದೆ. ಅಸ್ಲಮ ಮಿರ್ಚಿ ಬಜ್ಜಿಯ ಫೋಟೋ ಮುಗಿಸಿ "ಆತು ಖಾಲಾ" ಎಂದ ಕ್ಷಣವೇ ಅಬೇದಾಬಿ ಎರಡು ಹಿಡಿ ಬೂದಿಯನ್ನು ಬಜ್ಜಿಯ ಮೇಲೆ ಸುರಿಯುತ್ತಾರೆ. ನೋಡಿದರೆ ಸಂಕಟವಾಗುತ್ತದೆ. ಆಮೇಲೆ ಬೂದಿಯೊಳಗೆ ಕೈ ಹಾಕಿ ಬಜ್ಜಿ ಜೋಡಿಸಲು ಚುಚ್ಚಿದ್ದ ಗುಂಡುಸೂಜಿ ಕಿತ್ತು, ತೊಳೆದು, ಎಣಿಸಿ ಡಬ್ಬಿಗೆ ಹಾಕುತ್ತಾರೆ. ಬಜ್ಜಿ ಹಿತ್ತಲಿನ ಗುಂಡಿಗೆ ಹೋಗುತ್ತದೆ, ಮೇಲೆ ಮಣ್ಣು.

ಈ ಬೂದಿಗೂ ಒಂದು ಕಥೆಯಿದೆ. ಆರು ವರ್ಷದ ಹಿಂದೆ ಕೊಪ್ಪಳದಲ್ಲಿ ಒಂದು ಶೂಟಿಂಗ್. ಪಾಯಸದ ಬಟ್ಟಲು, ಒಳಗೆ ಅಂಟು ಮತ್ತು ಬಣ್ಣ. ಅಬೇದಾಬಿ ಕೈ ತೊಳೆಯಲು ಹೋಗಿ ಬರುವಷ್ಟರಲ್ಲಿ ವಯಸ್ಸಾದ ಕಾವಲುಗಾರ ಬಟ್ಟಲು ಎತ್ತಿ ಕುಡಿದಿದ್ದರು. ಎರಡು ದಿನ ದವಾಖಾನೆ, ವಾಂತಿ.

"ಅಂವ ಉಳದ. ಆವತ್ತಿಂದ ನನಗ ನಿದ್ದಿ ಇಲ್ರಿ. ಕಣ್ಣ ಮುಚ್ಚಿದ್ರ ಯಾರೋ ನನ್ನ ತಾಟಿಗೆ ಕೈ ಹಾಕ್ದಂಗ ಆಗತೈತಿ. ಅದಕ್ಕ ಬೂದಿ. ಬೂದಿ ಬಿದ್ದಿದ್ದಕ್ಕ ಎಂಥಾ ಹಸದಾವನೂ ಕೈ ಹಾಕಂಗಿಲ್ಲ." ಇಷ್ಟು ಹೇಳಿ ಅಡುಗೆಮನೆಯ ಕಡೆ ತಿರುಗಿ ದನಿ ಎತ್ತುತ್ತಾರೆ. "ಅನ್ನಪೂರ್ಣಕ್ಕಾ, ಇನ್ನೊಮ್ಮಿ ಹೇಳಾಕತ್ತೀನಿ. ಬೂದಿ ಹಾಕಿದ್ದು ಯಾರೂ ಉಣ್ಣಬಾರದು!"

"ಆತ್ರೀ, ಬೂದಿ ಹಾಕಿದ್ದು ಯಾರು ಉಂತಾರ ನಮ್ಮವ್ವಾ!" ಎಂದು ಅನ್ನಪೂರ್ಣಮ್ಮ ಒಳಗಿನಿಂದ ನಗುತ್ತಾರೆ.

ಏಳು ಗಂಟೆಗೆ ಊಟದ ತಾಟಿನ ಸರದಿ. ಒಂದು ತಾಸಿನ ಕೆಲಸ ಕ್ಯಾಮೆರಾದಲ್ಲಿ ಎರಡು ನಿಮಿಷಕ್ಕೆ ಮುಗಿಯುತ್ತದೆ. ಅಸ್ಲಮ ತಲೆ ಎತ್ತಿ "ಆತು" ಎನ್ನುತ್ತಾರೆ. ಅಬೇದಾಬಿಯ ಕೈ ಬೂದಿಯ ಬುಟ್ಟಿಗೆ ಹೋಗುತ್ತದೆ.

ಇಲ್ಲಿ ನಾನು ಮಾಡಿದ್ದನ್ನು ಹೇಳಲೇಬೇಕು. ಈ ಬರಹಕ್ಕೆ ಅವರದೊಂದು ಫೋಟೋ ಬೇಕಿತ್ತು. ಹನ್ನೊಂದು ವರ್ಷ ಕ್ಯಾಮೆರಾದ ಪಕ್ಕ ಕುಳಿತವರ ಒಂದು ಫೋಟೋ ಕೂಡ ಸ್ಟುಡಿಯೋದಲ್ಲಿಲ್ಲ. ರಸ್ತೆಯ ಆಚೆ ಗದ್ದೆಯ ಬದುವಿನ ಮೇಲೆ ಎಳೆ ಬಿಸಿಲು ಬಿದ್ದಿದೆ, ಹಿಂದೆ ಅಂಜನಾದ್ರಿ. "ಅಮ್ಮಾ, ಬೆಳಕು ಹೋಗುತ್ತದೆ, ಬನ್ನಿ" ಎಂದು ನಾನು ಅವರ ಕೈ ಹಿಡಿದು ಎಬ್ಬಿಸುತ್ತೇನೆ.

"ಬೂದಿ ಹಾಕಿ ಬರ್ತೀನ್ರಿ."

"ಕೈಯೆಲ್ಲ ಬೂದಿಯಾಗುತ್ತದೆ, ಸೀರೆಯೂ. ಐದೇ ನಿಮಿಷ. ಇಲ್ಲಿ ಯಾರಿದ್ದಾರೆ?"

ಅವರು ಹಿತ್ತಲನ್ನು ಒಮ್ಮೆ ನೋಡುತ್ತಾರೆ. ನಿಜವಾಗಿ ಯಾರೂ ಇಲ್ಲ. ಅನ್ನಪೂರ್ಣಮ್ಮ ಹಾಲು ತರಲು ಹೋಗಿದ್ದಾರೆ. ಅಬೇದಾಬಿ ಮನಸ್ಸಿಲ್ಲದೆ ಎದ್ದು, ಸೆರಗಿನಿಂದ ಗಲ್ಲ ಒರೆಸಿಕೊಂಡು ನನ್ನ ಹಿಂದೆ ಬರುತ್ತಾರೆ. ಬದುವಿನ ಮೇಲೆ ನಿಂತ ಮೇಲೆ ನಾಚಿಕೆ. ಅಸ್ಲಮ "ಖಾಲಾ, ಒಂದ ಸಲ ನಗು" ಎಂದು ಕಾಡಿದಾಗ ಅವರು ನಗುತ್ತಾರೆ, ಚಿಕ್ಕ ಹುಡುಗಿಯ ಹಾಗೆ ಬಾಯಿಗೆ ಕೈ ಅಡ್ಡ ಇಟ್ಟು. ನನಗೆ ಖುಷಿಯೋ ಖುಷಿ. ಐದು ನಿಮಿಷ ಹೋಗಿ ಇಪ್ಪತ್ತಾಗುತ್ತದೆ.

ತಿರುಗಿ ಬಂದರೆ ಮೇಜು ಖಾಲಿ.

ಅಬೇದಾಬಿ ಮೊದಲು ಅಸ್ಲಮನ ಮುಖ ನೋಡುತ್ತಾರೆ. ಅಸ್ಲಮ ನಮ್ಮ ಜೊತೆಯೇ ಇದ್ದರು. ಮೇಜಿನ ಕೆಳಗೆ, ಗುಂಡಿಯ ಹತ್ತಿರ, ಒಲೆಯ ಪಕ್ಕ ಎಲ್ಲ ಹುಡುಕುತ್ತಾರೆ. ಆಮೇಲೆ ಬಚ್ಚಲ ಕಟ್ಟೆಯ ಮೇಲೆ ಕಣ್ಣು ಹೋಗುತ್ತದೆ. ಅದೇ ತಾಟು. ಲಕಲಕ ತೊಳೆದು ಬೋರಲು ಹಾಕಿದ್ದಾರೆ, ಅಂಚಿನಿಂದ ಇನ್ನೂ ನೀರು ತೊಟ್ಟಿಕ್ಕುತ್ತಿದೆ. ಅಬೇದಾಬಿಯ ಮುಖದ ಬಣ್ಣವೇ ಇಳಿದುಹೋಗುತ್ತದೆ. ಡಬ್ಬಿ ತೆಗೆದು ಎಣಿಸುತ್ತಾರೆ. ಮೂವತ್ತೈದು. ಇನ್ನೊಮ್ಮೆ ಎಣಿಸುತ್ತಾರೆ. ಮೂವತ್ತೈದೇ. ತಾಟಿನಲ್ಲಿದ್ದದ್ದು ಐದು ಬದನೆಕಾಯಿ.

"ಅನ್ನಪೂರ್ಣಕ್ಕಾ!" ಎಂದು ಅಬೇದಾಬಿ ಕೂಗುತ್ತಾರೆ.

ಹಾಲಿನ ಪಾತ್ರೆ ಕೈಯಲ್ಲಿ ಹಿಡಿದೇ ಹೊರಗೆ ಬಂದ ಅನ್ನಪೂರ್ಣಮ್ಮನಿಗೆ ಗಾಬರಿ. "ಯಾಕ್ರೀ? ಗ್ವಾಡಿ ಆಚೆ ಮನಿ ಪಾರಮ್ಮ ಬಂದಿದ್ಲು. ಅಕಿ ಸೊಸಿ ಸುಕನ್ಯಾಗ ಏಳ ತಿಂಗಳು. ರಕ್ತಾ ತಗಸಾಕ ಗಂಗಾವತಿ ದವಾಖಾನಿಗೆ ಹೊಂಟಿದ್ರು, ಖಾಲಿ ಹೊಟ್ಟಿಲೆ. ಗುರೆಳ್ಳ ಹುರದ ವಾಸನಿಗೆ ಆ ಹುಡುಗಿ ಬದನಿಕಾಯಿ ಬೇಕು ಅಂತ ಕುಂತಬಿಟ್ಟಾಳಂತ. ಬಸರಿ ಬಯಸಿದ್ದು ಇಲ್ಲ ಅನ್ನಾಕ ಬರತೈತೇನ್ರಿ? ನನ್ನ ಒಲಿ ನೋಡಿದ್ರ ನೀವ ಹಿಡದೀರಿ. ಅದಕ್ಕ ಈ ತಾಟಿನ್ಯಾಗಿಂದನ ಬುತ್ತಿ ಕಟ್ಟಿ ಕೊಟ್ಟೆ. ರಕ್ತಾ ಕೊಟ್ಟಮ್ಯಾಲೆ ಅಲ್ಲೇ ಉಂತಾಳ."

"ಅದ ಉಣ್ಣೂದಲ್ಲಂತ ಹೇಳಿದ್ನೆಲ್ಲಾ!"

"ಬೂದಿ ಹಾಕಿದ್ದು ಉಣ್ಣಬ್ಯಾಡ ಅಂದ್ರಿ. ಇದಕ್ಕ ಬೂದಿ ಇದ್ದಿದ್ದಿಲ್ಲಲ್ರಿ..." ಅನ್ನಪೂರ್ಣಮ್ಮನಿಗೆ ಈಗ ಅರ್ಥವಾಗಿದೆ. ಕೈಯಲ್ಲಿದ್ದ ಹಾಲು ಚೆಲ್ಲುತ್ತಿದ್ದರೂ ಗೊತ್ತಾಗುತ್ತಿಲ್ಲ.

ಪಾರಮ್ಮನ ನಂಬರಿಗೆ ಫೋನ್ ಹಚ್ಚುತ್ತೇವೆ. ಗೋಡೆಯ ಆಚೆ, ಬೀಗ ಹಾಕಿದ ಮನೆಯೊಳಗೆ ಫೋನು ರಿಂಗಾಗುವುದು ಕೇಳಿಸುತ್ತದೆ. ಎಲ್ಲರೂ ಆ ಸಪ್ಪಳ ಕೇಳುತ್ತ ನಿಲ್ಲುತ್ತೇವೆ. ಸುಕನ್ಯಾಳ ನಂಬರು ಯಾರ ಹತ್ತಿರವೂ ಇಲ್ಲ. ಅವರು ಟಂಟಂ ಆಟೋ ಹತ್ತಿ ಕಾಲು ತಾಸಾಗಿದೆ.

ಅಸ್ಲಮ ವ್ಯಾನು ತಿರುಗಿಸುತ್ತಾರೆ. ಅಬೇದಾಬಿ ಮುಂದೆ, ನಾನು ಹಿಂದೆ ಲೈಟಿನ ಸ್ಟ್ಯಾಂಡುಗಳ ನಡುವೆ. ಶನಿವಾರದ ರಸ್ತೆ, ಎದುರಿನಿಂದ ಬೆಟ್ಟಕ್ಕೆ ಬರುವ ಬಸ್ಸು, ಟ್ರ್ಯಾಕ್ಸು, ನಡೆದು ಬರುವವರ ಗುಂಪು. ಹಾರ್ನ್ ಹೊಡೆದರೂ ಜಾಗವಿಲ್ಲ. ಅಬೇದಾಬಿ ಡಬ್ಬಿಯನ್ನು ಎರಡೂ ಕೈಯಲ್ಲಿ ಒತ್ತಿ ಹಿಡಿದಿದ್ದಾರೆ. ತಮಗೆ ತಾವೇ ಮಾತಾಡಿಕೊಳ್ಳುತ್ತಿದ್ದಾರೆ.

"ಟಾಚಣಿ ತೆಲಿ ಸುದ್ದಾ ಒಳಗ ಮುಳಗಿಸೀನಿ. ಕ್ಯಾಮೆರಾಕ್ಕ ಕಾಣಬಾರದಂತ. ನಾನ ಹುಡುಕಿದ್ರೂ ಸಿಗಂಗಿಲ್ಲ, ಅಷ್ಟ ಛಲೋ ಮುಚ್ಚೀನಿ. ಎಂಥಾ ಕೈ ಇದು, ಯಾ ಅಲ್ಲಾ, ಎಂಥಾ ಕೈ ಇದು."

ಕೆಟ್ಟ ಕೆಟ್ಟ ಚಿತ್ರಗಳೆಲ್ಲ ನನ್ನ ಕಣ್ಣ ಮುಂದೆ ಬರುತ್ತಿವೆ. ಹಸಿದ ಹುಡುಗಿ, ಏಳು ತಿಂಗಳು, ಮೊದಲ ತುತ್ತು ಅಗಿಯದೇ ನುಂಗಿದರೆ? ಗಂಟಲಲ್ಲಿ ಸಿಕ್ಕರೆ? ಹೊಟ್ಟೆಗೆ ಇಳಿದರೆ? "ಇಲ್ಲಿ ಯಾರಿದ್ದಾರೆ" ಎಂದ ನನ್ನ ನಾಲಗೆಗೆ ಬೆಂಕಿ ಹಾಕಬೇಕು ಅನ್ನಿಸುತ್ತದೆ. ಯಾರ ಕಣ್ಣಿಗೂ ಬೀಳದವರನ್ನು ನಾಲ್ಕು ಜನರಿಗೆ ಕಾಣಿಸುತ್ತೇನೆ ಎಂದು ಹೊರಟವಳು ನಾನು. ಆ ಫೋಟೋದ ಹುಚ್ಚಿಗೆ ಇಪ್ಪತ್ತು ನಿಮಿಷ ತಿಂದೆನಲ್ಲ.

"ಅಮ್ಮಾ, ತಪ್ಪು ನನ್ನದು" ಎನ್ನುತ್ತೇನೆ. ಅವರು ತಿರುಗಿಯೂ ನೋಡುವುದಿಲ್ಲ. "ಗಾಡಿ ಓಡಸು ಅಸ್ಲಮ" ಎನ್ನುತ್ತಾರೆ, ಅಷ್ಟೇ.

ದವಾಖಾನೆಯ ಗೇಟಿನ ಹತ್ತಿರ ವ್ಯಾನು ನಿಲ್ಲುವ ಮೊದಲೇ ಅಬೇದಾಬಿ ಇಳಿದಿದ್ದಾರೆ. ಅಂಗಳದಲ್ಲಿ ಬೇವಿನ ಮರ, ಸುತ್ತ ಕಟ್ಟೆ, ಕಟ್ಟೆಯ ತುಂಬ ಜನ. ಯಾರು ಸುಕನ್ಯಾ? ನಾವು ಮೂವರೂ ಆ ಹುಡುಗಿಯ ಮುಖ ನೋಡಿದವರಲ್ಲ. ಹೊಟ್ಟೆ ಮುಂದೆ ಬಂದ ಹೆಣ್ಣುಮಕ್ಕಳು ನಾಲ್ಕೈದು ಮಂದಿ ಇದ್ದಾರೆ. ಅಬೇದಾಬಿ ಒಬ್ಬೊಬ್ಬರ ಮುಖವನ್ನೂ ಬಿಟ್ಟು ಕೈಗಳನ್ನು ನೋಡುತ್ತ ಓಡುತ್ತಾರೆ. ಒಂದು ಚಪ್ಪಲಿ ಹಿಂದೆಯೇ ಉಳಿಯುತ್ತದೆ.

ಮರದ ಆಚೆ ಬದಿಗೆ ಒಬ್ಬಳು ಕುಳಿತಿದ್ದಾಳೆ. ಮೊಣಕೈ ಮಡಿಕೆಯಲ್ಲಿ ಹತ್ತಿ, ತೊಡೆಯ ಮೇಲೆ ಬಿಚ್ಚಿದ ಸ್ಟೀಲ್ ಡಬ್ಬಿ. ಎಣ್ಣೆಗಾಯಿ ಅಷ್ಟು ದೂರಕ್ಕೂ ಥಳಥಳ ಹೊಳೆಯುತ್ತಿದೆ. ಅವಳು ಬದನೆಕಾಯಿಯ ತುಂಡು ರೊಟ್ಟಿಗೆ ಸುತ್ತಿ ತುತ್ತನ್ನು ಬಾಯಿಯ ಹತ್ತಿರ ಒಯ್ದಿದ್ದಾಳೆ.

ಅಬೇದಾಬಿ ಹೋದವರೇ ಆ ಕೈಗೆ ಬಡಿಯುತ್ತಾರೆ. ತುತ್ತು ನೆಲಕ್ಕೆ ಬೀಳುತ್ತದೆ.

ಅಂಗಳವೆಲ್ಲ ಎದ್ದು ನಿಲ್ಲುತ್ತದೆ. ಪಾರಮ್ಮ ಅಬೇದಾಬಿಯ ಸೆರಗು ಹಿಡಿದು ಎಳೆಯುತ್ತಾಳೆ. "ಬಸರಿ ಹೆಣ್ಣಮಗಳ ಕೈಯಾನ ತುತ್ತು ಬಡಿತೀಯೇನ? ಯಾರ ನೀನು? ಹುಚ್ಚ ಹಿಡದೈತೇನ ನಿನಗ?" ನಾಲ್ಕು ಜನ ಸುತ್ತ ಸೇರುತ್ತಾರೆ, ಒಬ್ಬಾತ "ಹಿಡೀರಿ ಅಕಿನ್ನ" ಎನ್ನುತ್ತಾನೆ. ನಾನು ನಡುವೆ ನುಗ್ಗಿ ಏನೋ ಹೇಳಲು ಹೋಗುತ್ತೇನೆ, ಯಾರೂ ಕೇಳುವುದಿಲ್ಲ. ಅಬೇದಾಬಿ ನೆಲಕ್ಕೆ ಕುಕ್ಕರಿಸಿ, ಬಿದ್ದ ತುತ್ತನ್ನು ಎರಡು ಬೆರಳಲ್ಲಿ ಹಿಸುಕಿ, ಒಳಗಿನಿಂದ ಗುಂಡುಸೂಜಿ ಎಳೆದು ಪಾರಮ್ಮನ ಕಣ್ಣಿಗೆ ಹಿಡಿಯುತ್ತಾರೆ.

ಪಾರಮ್ಮ ಹಿಡಿದ ಸೆರಗು ಬಿಡುತ್ತಾಳೆ. ಸುಕನ್ಯಾ ಎರಡೂ ಕೈಯಿಂದ ಬಾಯಿ ಮುಚ್ಚಿಕೊಳ್ಳುತ್ತಾಳೆ.

"ಎಷ್ಟ ತುತ್ತ ತಿಂದಿ ಯವ್ವಾ? ಖರೇ ಹೇಳು" ಎಂದು ಅಬೇದಾಬಿ ಅವಳ ಮೊಣಕಾಲು ಹಿಡಿದು ಕೇಳುತ್ತಾರೆ.

"ಇದ ಮೊದಲನೇದ್ರಿ."

ಡಬ್ಬಿಯಲ್ಲಿದ್ದ ಬದನೆಕಾಯಿಗಳನ್ನು ಅಲ್ಲೇ ಒಡೆಯುತ್ತಾರೆ. ಎರಡು. ಮೂರು. ನಾಲ್ಕು. ಅಲ್ಲಿಗೆ ಡಬ್ಬಿ ಖಾಲಿ. ಐದನೆಯದು ಇಲ್ಲ. ಅಬೇದಾಬಿ ತಲೆ ಎತ್ತಿ ಅತ್ತೆಯನ್ನೂ ಸೊಸೆಯನ್ನೂ ನೋಡುತ್ತಾರೆ. "ನಾಕ ಇದ್ವು, ದೇವರಾಣಿ ನಾಕ ಇದ್ವು" ಎಂದು ಪಾರಮ್ಮ ಅಳಲು ಶುರು ಮಾಡುತ್ತಾಳೆ. ಸುಕನ್ಯಾ ತನ್ನ ಗಂಟಲು ಮುಟ್ಟಿ ನೋಡಿಕೊಳ್ಳುತ್ತಿದ್ದಾಳೆ. ತಿಂದಿಲ್ಲವೆಂದು ಅವಳಿಗೇ ಗೊತ್ತು, ಆದರೂ ಮುಟ್ಟಿ ನೋಡಿಕೊಳ್ಳುತ್ತಿದ್ದಾಳೆ.

ನಾನು ಅನ್ನಪೂರ್ಣಮ್ಮನಿಗೆ ಫೋನ್ ಮಾಡುತ್ತೇನೆ. ಆ ಕಡೆಯಿಂದ ಅಳು ಬಿಟ್ಟು ಬೇರೇನೂ ಕೇಳಿಸುವುದಿಲ್ಲ. "ಅಕ್ಕಾ, ಬುತ್ತಿಗೆ ಎಷ್ಟು ಬದನೆಕಾಯಿ ಹಾಕಿದಿರಿ?" ಎಂದು ಮೂರು ಸಲ ಕೇಳಿದ ಮೇಲೆ ಉತ್ತರ ಬರುತ್ತದೆ.

"ನಾಕ್ರಿ. ಐದನೇದು... ತಡೀರಿ, ತಡೀರಿ. ಇವತ್ತ ನಮ್ಮ ಒಲಿ ಮ್ಯಾಲಿನ ಮೊದಲನೇ ಅಡಗಿ ಅಂತ ದೇವರ ಮುಂದ ಎಡಿ ಇಟ್ಟೆ."

"ಒಡೆದು ನೋಡಿ."

ಫೋನು ಕಿವಿಗೆ ಹಿಡಿದು ನಿಂತಿದ್ದೇನೆ. ಅನ್ನಪೂರ್ಣಮ್ಮನ ಕಾಲ ಸಪ್ಪಳ, ಬಾಗಿಲ ಕಿರ್ ಸದ್ದು, ಆಮೇಲೆ ಏನೂ ಇಲ್ಲ. ಅಬೇದಾಬಿ ನನ್ನ ಮುಖವನ್ನೇ ನೋಡುತ್ತಿದ್ದಾರೆ.

"ಸಿಕ್ತ್ರೀ" ಎನ್ನುತ್ತಾರೆ ಅನ್ನಪೂರ್ಣಮ್ಮ.

ಅಬೇದಾಬಿ ಕಟ್ಟೆಗೆ ಒರಗಿ ಕುಸಿದು ಕೂಡುತ್ತಾರೆ.

ಇಲ್ಲಿಗೆ ಮುಗಿಯಿತು ಎಂದುಕೊಂಡವಳು ನಾನು. ಮುಗಿದಿರಲಿಲ್ಲ. ಸಕ್ಕರೆ ಪರೀಕ್ಷೆಗೆಂದು, ಉಂಡು ಎರಡು ತಾಸಿನ ಮೇಲೆ ಸುಕನ್ಯಾ ಇನ್ನೊಮ್ಮೆ ರಕ್ತ ಕೊಡಬೇಕು. ನರ್ಸು ಅವಳ ಬಾಯಿ, ಗಂಟಲು ನೋಡಿ ಏನೂ ಆಗಿಲ್ಲವೆಂದು ಹೇಳಿ, ಬೇಗ ಏನಾದರೂ ತಿನ್ನಿಸಿ ಎನ್ನುತ್ತಾರೆ. ನಾನು ಎದುರಿನ ಹೋಟೆಲಿನಿಂದ ಇಡ್ಲಿ ತರುತ್ತೇನೆ. ಸುಕನ್ಯಾ ಇಡ್ಲಿ ಮುರಿಯುತ್ತಾಳೆ. ಮುರಿದದ್ದನ್ನು ಮತ್ತೆ ಮುರಿಯುತ್ತಾಳೆ. ಬೆರಳಲ್ಲಿ ಪುಡಿ ಪುಡಿ ಮಾಡಿ ನೋಡುತ್ತಾಳೆ, ಬಾಯಿಗೆ ಮಾತ್ರ ಹಾಕುವುದಿಲ್ಲ. "ಒಲ್ಲೆ ಅತ್ತಿ, ಅಂಜಿಕಿ ಬರತೈತಿ" ಎಂದು ತಟ್ಟೆ ದೂಡುತ್ತಾಳೆ. ಬಾಳೆಹಣ್ಣು ಕೊಟ್ಟರೂ ಅದೇ ಕಥೆ. ಹಿಂದಿನ ರಾತ್ರಿ ಉಂಡವಳು, ಹೊಟ್ಟೆಯಲ್ಲಿ ಕೂಸು, ಮುಖ ಬಿಳಿಚಿಕೊಂಡಿದೆ. ಪಾರಮ್ಮ ಬೈಯುವುದನ್ನೂ ಮರೆತು ಸೊಸೆಯ ಬೆನ್ನು ಸವರುತ್ತಿದ್ದಾಳೆ.

ಅಬೇದಾಬಿ ಎದ್ದು ಬಂದು ಅವಳ ಮುಂದೆ ನಿಲ್ಲುತ್ತಾರೆ. "ನನ್ನ ಮನಿ ಎರಡ ಓಣಿ ದಾಟಿದ್ರ ಐತಿ. ನೀ ಬಂದು ಒಲಿ ಮುಂದ ಕೂಡು. ನಿನ್ನ ಕಣ್ಣ ಮುಂದನ ಮಾಡ್ತೀನಿ. ನೀನ ಹೆಚ್ಚು, ನೀನ ತುಂಬು. ಮನಸಿಗೆ ಬಂದ್ರ ಉಣ್ಣು, ಇಲ್ಲಾಂದ್ರ ನನ್ನ ಮಾರಿ ಮ್ಯಾಲೆ ಒಗದು ಹೋಗು."

"ನಿನ್ನ ಕೈದು ಏನೂ ಬ್ಯಾಡ" ಎನ್ನುತ್ತಾಳೆ ಪಾರಮ್ಮ. ಸುಕನ್ಯಾ ಮಾತ್ರ ಏಳುತ್ತಾಳೆ. ಯಾಕೆ ಎದ್ದಳೋ, ನಾನು ಕೇಳಿಲ್ಲ.

ಒಂದು ಕೋಣೆ, ಒಂದು ಪಡಸಾಲೆ, ಸಣ್ಣ ಅಡುಗೆಮನೆ. ಹೊಸ್ತಿಲಲ್ಲೇ ಅಬೇದಾಬಿ ತಗಡಿನ ಡಬ್ಬಿಯನ್ನು ಪಾರಮ್ಮನ ಕೈಗೆ ಕೊಡುತ್ತಾರೆ. "ಎಣಿಸಿ ಇಟ್ಟುಕೊಳ್ರಿ. ಅಡಗಿ ಮುಗಿಯೂತನ ನಿಮ್ಮ ಕೈಯಾಗ ಇರ್ಲಿ." ಪಾರಮ್ಮ ಪಡಸಾಲೆಯಲ್ಲಿ ಕುಳಿತು ಎಣಿಸುತ್ತಾಳೆ. ಮೂವತ್ತೊಂಬತ್ತು. ಇನ್ನೊಂದು ಹನುಮನಹಳ್ಳಿಯಲ್ಲಿ, ದೇವರ ಮುಂದಿದೆ.

ಎಳೆ ಬದನೆಕಾಯಿಯನ್ನು ಸುಕನ್ಯಾಳೇ ಸೀಳುತ್ತಾಳೆ. ಅಬೇದಾಬಿ ಗುರೆಳ್ಳು ಹುರಿಯುತ್ತಾರೆ, ಹುರಿದದ್ದನ್ನು ಅವಳ ಅಂಗೈಗೆ ಹಾಕಿ ತೋರಿಸುತ್ತಾರೆ. ಎಣ್ಣೆಯನ್ನೂ ಬೆರಳಿಗೆ ಹಚ್ಚಿ ಮೂಸಲು ಕೊಡುತ್ತಾರೆ. ಬದನೆಕಾಯಿ ಈ ಸಲ ಪೂರ್ತಿ ಬೇಯುತ್ತದೆ, ಮುದುಡುತ್ತದೆ, ಸೀಳಿನಿಂದ ಮಸಾಲೆ ಹೊರಗೆ ಬಂದು ತಳಕ್ಕೆ ಹತ್ತುತ್ತದೆ. ನೋಡಲು ಕಪ್ಪು ಕಪ್ಪು, ಒಂದು ಚೂರೂ ಹೊಳೆಯುವುದಿಲ್ಲ. ಕ್ಯಾಮೆರಾದ ಮುಂದೆ ಇಟ್ಟರೆ ಅಸ್ಲಮ ಹೊರಗೆ ಹಾಕುತ್ತಿದ್ದರು.

ತಾಟಿಗೆ ಹಾಕಿ ಅಬೇದಾಬಿ ಮೊದಲನೆಯದನ್ನು ತಾವೇ ಹಿಸುಕಿ ಬಾಯಿಗೆ ಹಾಕಿಕೊಂಡು, ಅಗಿದು, ನುಂಗಿ, ಬಾಯಿ ತೆರೆದು ತೋರಿಸುತ್ತಾರೆ. ಸುಕನ್ಯಾ ತನ್ನ ಬದನೆಕಾಯಿಯನ್ನು ಒಡೆಯುತ್ತಾಳೆ, ಹೆಬ್ಬೆರಳಿನಿಂದ ತಿಕ್ಕಿ ತಿಕ್ಕಿ ನೋಡುತ್ತಾಳೆ. ಕೊನೆಗೆ ಸಣ್ಣದೊಂದು ತುತ್ತು ಬಾಯಿಗೆ ಹೋಗುತ್ತದೆ. ಬಹಳ ಹೊತ್ತು ಅಗಿಯುತ್ತಾಳೆ. ಆಮೇಲೆ ಇನ್ನೊಂದು. ಮೂರನೆಯ ತುತ್ತಿಗೆ ಬೆರಳು ತಿಕ್ಕುವುದನ್ನು ಬಿಟ್ಟಿದ್ದಾಳೆ.

"ಉಪ್ಪು ಸ್ವಲ್ಪ ಕಮ್ಮಿ ಆಗೇತಿ ನೋಡ್ರಿ" ಎನ್ನುತ್ತಾಳೆ.

ಅಬೇದಾಬಿ ಉಪ್ಪಿನ ಡಬ್ಬಿಗೆ ಕೈ ಹಾಕಿದವರು ಹಾಗೇ ಗೋಡೆಯ ಕಡೆ ತಿರುಗಿ ಅತ್ತುಬಿಡುತ್ತಾರೆ. ಅಳು ಕೇಳಿ ಪಡಸಾಲೆಯಿಂದ ಬಂದ ಪಾರಮ್ಮ ಉಪ್ಪಿನ ಡಬ್ಬಿ ತೆಗೆದುಕೊಂಡು ಸೊಸೆಯ ತಾಟಿಗೆ ಹಾಕುತ್ತಾಳೆ.

ಇದೆಲ್ಲ ಆಗಿ ಹತ್ತು ದಿನ. ಅಬೇದಾಬಿ ಕೆಲಸ ಬಿಟ್ಟಿಲ್ಲ, ಬಿಟ್ಟರೆ ಒಲೆ ಹೊತ್ತುವುದಿಲ್ಲ. ಆದರೆ ಬದನೆಕಾಯಿಗೆ ಈಗ ಗುಂಡುಸೂಜಿ ಚುಚ್ಚುವುದಿಲ್ಲ, ಜೋಳದ ದಂಟು ಸೀಳಿ ಮಾಡಿದ ಕಡ್ಡಿ ಚುಚ್ಚುತ್ತಾರೆ. ಅಷ್ಟು ಬಿಗಿಯಾಗಿ ನಿಲ್ಲುವುದಿಲ್ಲ ಎಂದು ಅಸ್ಲಮ ಗೊಣಗುತ್ತಾರೆ. ಬೂದಿಯ ಬುಟ್ಟಿಗೆ ಈಗ ಕ್ಯಾಮೆರಾದ ಪಕ್ಕದಲ್ಲೇ ಜಾಗ. ಈಗ ಕೆಲಸವಿಲ್ಲದ ಗುಂಡುಸೂಜಿಯ ಡಬ್ಬಿಯನ್ನು ಮನೆಯ ಮಾಡದಲ್ಲಿ ಇಟ್ಟಿದ್ದಾರೆ ಎಂದುಕೊಂಡಿದ್ದೆ. ನಾನು ಹೋದಾಗ ಅದು ಅವರ ಮಡಿಲಲ್ಲೇ ಇದೆ, ಟಿಣ್ ಟಿಣ್ ಎಂದು ಎಣಿಕೆ ನಡೆದಿದೆ. ಈ ಸಲ ಬಾಯಿ ಹಾಕದೆ ಹೊಸ್ತಿಲಲ್ಲೇ ಕಾಯುತ್ತೇನೆ.

ಎಣಿಕೆ ಮುಗಿದ ಮೇಲೆ ಮೊಬೈಲು ತೆಗೆದು ಬದುವಿನ ಮೇಲಿನ ಆ ಫೋಟೋ ತೋರಿಸುತ್ತೇನೆ. ಎಳೆ ಬಿಸಿಲು, ಹಿಂದೆ ಅಂಜನಾದ್ರಿ, ಬಾಯಿಗೆ ಅಡ್ಡ ಕೈ ಹಿಡಿದ ನಗು. ನಿಜಕ್ಕೂ ಚಂದದ ಫೋಟೋ. ಪುರವಣಿಯಲ್ಲಿ ಹಾಕಲೇ ಎಂದು ಕೇಳುತ್ತೇನೆ. ಅವರು ಮೊಬೈಲನ್ನು ಕಣ್ಣಿನ ಹತ್ತಿರ ಹಿಡಿದು ನೋಡುತ್ತಾರೆ.

"ಹಾಕಬ್ಯಾಡ ಯವ್ವ. ನಾ ಹಿಂಗ ನಗಾಕತ್ತಾಗನ ಅಲ್ಲಿ ಬುತ್ತಿ ಕಟ್ಟಿದ್ದು. ಈ ನಗಿ ನೋಡಿದ್ರ ನನಗ ಅಂಜಿಕಿ ಬರತೈತಿ."

ಈ ಬರಹದ ಪಕ್ಕ ಫೋಟೋ ಇಲ್ಲದಿರುವುದು ಅದಕ್ಕೇ.

"ಮತ್ತೆ ಏನು ಹಾಕಲಿ ಅಮ್ಮಾ? ಏನಾದರೂ ಒಂದು ಹೇಳಿ" ಎನ್ನುತ್ತೇನೆ. ಅವರು ಡಬ್ಬಿಯ ಮುಚ್ಚಳ ಒತ್ತಿ, ಬಿಗಿಯಾಯಿತೋ ಇಲ್ಲವೋ ಎಂದು ಇನ್ನೊಮ್ಮೆ ಒತ್ತಿ ನೋಡುತ್ತಾರೆ.

"ಅನ್ನಪೂರ್ಣಕ್ಕ ಆ ಒಂದನ್ನ ತೊಳದು ಕಳಿಸ್ಯಾಳ. ನಲವತ್ತೂ ಅದಾವ ಅಂತ ಬರಿ."